ಏಡಾಕ್‌ನಿಂದ ಉನಲಾಸ್ಕಾಗೆ: 713 ಕಿಲೋಮೀಟರ್ 3,183 ಆಗುವ ಬಗೆ

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರ ಇಷ್ಟು, ಹಾರಾಟದ ಅವಧಿ ಇಷ್ಟು ಎಂದು ಥಟ್ಟನೆ ಹೇಳಿಬಿಡುವ ಲೆಕ್ಕದ ತಾಣಗಳು ಬೇಕಾದಷ್ಟಿವೆ. ದೊಡ್ಡ ನಗರಗಳ ಮಟ್ಟಿಗೆ ಆ ಉತ್ತರವನ್ನು ಹೆಚ್ಚುಕಡಿಮೆ ನಂಬಬಹುದು. ಮೂಲೆಯ ನಿಲ್ದಾಣಗಳ ವಿಷಯದಲ್ಲಿ ಅದೇ ಉತ್ತರ ಎಷ್ಟರಮಟ್ಟಿಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ನಿದರ್ಶನ ಅಲಾಸ್ಕಾದ ಅಲ್ಯೂಷಿಯನ್ ದ್ವೀಪಸಾಲಿನಲ್ಲಿದೆ. ಪಶ್ಚಿಮಕ್ಕೆ ಏಡಾಕ್, ಪೂರ್ವಕ್ಕೆ ಉನಲಾಸ್ಕಾ. ಎರಡೂ ಒಂದೇ ರಾಜ್ಯದ, ಒಂದೇ ದ್ವೀಪಸಾಲಿನ ಊರುಗಳು. ಎರಡರಲ್ಲೂ ಡಾಂಬರು ರನ್‌ವೇ ಇದೆ, ನಿಗದಿತ ವಿಮಾನ ಬರುತ್ತದೆ.

ಪ್ರಶ್ನೆಯನ್ನು ಹೀಗೆ ಇಟ್ಟುಕೊಳ್ಳೋಣ. ಏಡಾಕ್ ಬಂದರಿನಲ್ಲಿ ಮೀನುಗಾರಿಕೆ ಹಡಗೊಂದರ ಎಂಜಿನ್ ರಿಪೇರಿ ಮುಗಿಸಿದ ಒಬ್ಬ ಮೆಕ್ಯಾನಿಕ್ ಇದ್ದಾನೆ. ಮುಂದಿನ ಕೆಲಸ ಉನಲಾಸ್ಕಾದ ಡಚ್ ಹಾರ್ಬರಿನಲ್ಲಿ. ಅವನು ಅಲ್ಲಿಗೆ ಎಷ್ಟು ದೂರ ಹೋಗಬೇಕು, ಎಷ್ಟು ಹೊತ್ತು ಹಿಡಿಯುತ್ತದೆ?

ಮೊದಲು ಭೂಗೋಳದ ಉತ್ತರ. ಏಡಾಕ್ ನಿಲ್ದಾಣ ಇರುವುದು 51.88 ಡಿಗ್ರಿ ಉತ್ತರ ಅಕ್ಷಾಂಶ, 176.65 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ. ಉನಲಾಸ್ಕಾ ನಿಲ್ದಾಣ 53.90 ಉತ್ತರ, 166.54 ಪಶ್ಚಿಮ. ಭೂಮಿಯನ್ನು 6,371 ಕಿಲೋಮೀಟರ್ ತ್ರಿಜ್ಯದ ಗೋಳ ಎಂದುಕೊಂಡು ಮಹಾವೃತ್ತದ, ಅಂದರೆ ಗೋಳದ ಮೇಲೆ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿಯ, ಸೂತ್ರ ಹಾಕಿದರೆ 713 ಕಿಲೋಮೀಟರ್ ಬರುತ್ತದೆ. ಧ್ರುವಗಳ ಕಡೆ ಚಪ್ಪಟೆಯಾಗಿರುವ ನಿಜವಾದ ಆಕಾರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೆರಡು ಕಿಲೋಮೀಟರ್ ಸೇರಿ 715ರ ಹತ್ತಿರ ಹೋಗುತ್ತದೆ. ಎರಡು ತಾಣಗಳ ಉತ್ತರದಲ್ಲಿ ಚೂರು ವ್ಯತ್ಯಾಸ ಕಂಡರೆ ಸಾಮಾನ್ಯವಾಗಿ ಇದೇ ಕಾರಣ. ಮೈಲಿನಲ್ಲಿ ಹೇಳುವುದಾದರೆ ಸುಮಾರು 443, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿನಲ್ಲಿ 385. ಬರೇ "ಮೈಲು" ಎಂದು ಬರೆದಿದ್ದರೆ ಯಾವ ಮೈಲು ಎಂದು ನೋಡಿಕೊಳ್ಳಬೇಕು. ಇಲ್ಲಿ ಎರಡರ ನಡುವೆ 58ರ ಅಂತರವಿದೆ.

ಮಹಾವೃತ್ತ ಎಂದ ಕೂಡಲೇ ಭೂಪಟದ ಮೇಲೆ ಬಿಲ್ಲಿನಂತೆ ಬಾಗಿದ ಗೆರೆ ನೆನಪಾಗುತ್ತದೆ. ಏಡಾಕ್‌ನಿಂದ ಹೊರಡುವಾಗ ಉತ್ತರದಿಂದ ಬಲಕ್ಕೆ 68 ಡಿಗ್ರಿ ಇರುವ ದಿಕ್ಕು, ಉನಲಾಸ್ಕಾ ಮುಟ್ಟುವಾಗ 76 ಡಿಗ್ರಿ ಆಗಿರುತ್ತದೆ. ದಾರಿಯುದ್ದಕ್ಕೂ ದಿಕ್ಕು ನಿಧಾನವಾಗಿ ಹೊರಳುತ್ತಲೇ ಇರುತ್ತದೆ. ಹೀಗೆ ಹೊರಳದೆ ಒಂದೇ ದಿಕ್ಕು ಹಿಡಿದು ಹೋದರೂ ಇಲ್ಲಿ ಹೆಚ್ಚಾಗುವ ದೂರ ಒಂದು ಕಿಲೋಮೀಟರಿಗೂ ಕಡಿಮೆ. ಸಾಗರ ದಾಟುವ ದೂರದ ಹಾರಾಟಗಳಲ್ಲಿ ಮಹಾವೃತ್ತಕ್ಕೆ ಇರುವ ಮಹತ್ವ ಏಳುನೂರು ಕಿಲೋಮೀಟರಿನ ದಾರಿಯಲ್ಲಿ ಇಲ್ಲ. ಇಲ್ಲಿ ದೂರವನ್ನು ಹಿಗ್ಗಿಸುವ ಸಂಗತಿಗಳೇ ಬೇರೆ.

ಇನ್ನು ಅವಧಿ. ಲೆಕ್ಕದ ತಾಣಗಳು ಸಾಮಾನ್ಯವಾಗಿ ಗಂಟೆಗೆ 800 ಕಿಲೋಮೀಟರಿನ ಆಸುಪಾಸಿನ ಜೆಟ್ ವೇಗ ಹಿಡಿದು, ಏರಲು ಇಳಿಯಲು ಅರ್ಧ ಗಂಟೆ ಸೇರಿಸುತ್ತವೆ. ಆ ಪ್ರಕಾರ 54 ನಿಮಿಷಕ್ಕೆ 30 ಸೇರಿ 1 ಗಂಟೆ 24 ನಿಮಿಷ. ಮೆಕ್ಯಾನಿಕ್‌ನ ಕೈಗೆ ಸಿಗುವ ಉತ್ತರ ಇದು. ಬೆಳಗಿನ ತಿಂಡಿ ಏಡಾಕ್‌ನಲ್ಲಿ, ಮಧ್ಯಾಹ್ನದ ಊಟ ಡಚ್ ಹಾರ್ಬರಿನಲ್ಲಿ ಎಂದು ಅವನು ಅಂದುಕೊಂಡರೆ ತಪ್ಪು ಅವನದಲ್ಲ.

ನಿಜ ಏನೆಂದರೆ, ಈ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ. ಏಡಾಕ್‌ಗೆ ಬರುವ ನಿಗದಿತ ವಿಮಾನ ಬೋಯಿಂಗ್ 737, ವಾರಕ್ಕೆ ಎರಡು ಬಾರಿ, ಅಲಾಸ್ಕಾದ ಅತಿದೊಡ್ಡ ನಗರ ಆಂಕರೇಜ್‌ನಿಂದ. ಬಂದು, ಇಳಿಸಿ, ಹತ್ತಿಸಿಕೊಂಡು ಅದೇ ದಿನ ಆಂಕರೇಜ್‌ಗೆ ಮರಳುತ್ತದೆ. ಉನಲಾಸ್ಕಾಗೂ ವಿಮಾನ ಆಂಕರೇಜ್‌ನಿಂದಲೇ. ಹಾಗಾಗಿ ಮೆಕ್ಯಾನಿಕ್ ಮೊದಲು ಈಶಾನ್ಯಕ್ಕೆ 1,913 ಕಿಲೋಮೀಟರ್ ಹಾರಿ ಆಂಕರೇಜ್ ತಲುಪಬೇಕು, ಅಲ್ಲಿಂದ ನೈಋತ್ಯಕ್ಕೆ 1,270 ಕಿಲೋಮೀಟರ್ ಹಿಂದಕ್ಕೆ ಬರಬೇಕು. ಒಟ್ಟು 3,183. ನೇರ ದೂರದ ನಾಲ್ಕೂವರೆ ಪಟ್ಟು. ಮೊದಲ ಹಾರಾಟಕ್ಕೆ ಸುಮಾರು ಮೂರು ಗಂಟೆ, ಎರಡನೆಯದಕ್ಕೆ ವಿಮಾನ ಯಾವುದು, ನಡುವೆ ಎಲ್ಲಾದರೂ ನಿಲ್ಲುತ್ತದೆಯೇ ಎಂಬುದರ ಮೇಲೆ ಎರಡರಿಂದ ಮೂರು ಗಂಟೆ. ಗಾಳಿಯಲ್ಲಿ ಕಳೆಯುವ ಹೊತ್ತು ಐದಾರು ಗಂಟೆಯಾದರೆ, ಆಂಕರೇಜ್‌ನಲ್ಲಿ ಒಂದು ರಾತ್ರಿ ತಂಗುವುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದೇ ಕ್ಷೇಮ. ಇದು ಎಲ್ಲವೂ ಸರಿಯಾಗಿ ನಡೆದರೆ. ಅವನ ರಿಪೇರಿ ಮುಗಿದದ್ದು ವಿಮಾನ ಹೊರಟ ಮರುದಿನವಾದರೆ, ಮೂರ್ನಾಲ್ಕು ದಿನ ಏಡಾಕ್‌ನಲ್ಲೇ ಕಾಯಬೇಕು.

ಹಡಗಿನ ದಾರಿಯೂ ಇಲ್ಲ. ಅಲಾಸ್ಕಾ ರಾಜ್ಯದ ಪ್ರಯಾಣಿಕರ ಫೆರಿ ಟಸ್ಟುಮೀನಾ ಬೇಸಿಗೆಯ ತಿಂಗಳುಗಳಲ್ಲಿ ದ್ವೀಪಸಾಲಿನತ್ತ ಬರುತ್ತದೆ, ಆದರೆ ಅದರ ಪಶ್ಚಿಮದ ಕೊನೆಯ ನಿಲ್ದಾಣ ಉನಲಾಸ್ಕಾ. ಅಲ್ಲಿಂದಾಚೆ ಹೋಗುವುದಿಲ್ಲ.

ದೊಡ್ಡ ರನ್‌ವೇ ಎಲ್ಲಿದೆ, ಯಾಕಿದೆ

ಇದು ಹೀಗೇಕೆ ಎಂದು ಕೇಳಿದರೆ "ಜನ ಕಡಿಮೆ" ಎಂಬ ಉತ್ತರ ತಕ್ಷಣ ಬರುತ್ತದೆ. ಅದು ಅರ್ಧ ಉತ್ತರ ಮಾತ್ರ. 2020ರ ಜನಗಣತಿಯಲ್ಲಿ ಏಡಾಕ್‌ನಲ್ಲಿ ಇದ್ದವರು 171 ಜನ, ಉನಲಾಸ್ಕಾದಲ್ಲಿ 4,254. ಈಗ ರನ್‌ವೇ ನೋಡಿ. 171 ಜನರ ಏಡಾಕ್‌ನಲ್ಲಿ ಎರಡು ದೊಡ್ಡ ರನ್‌ವೇಗಳಿವೆ, ಉದ್ದದ್ದು 2,374 ಮೀಟರ್. ನಾಲ್ಕು ಸಾವಿರ ಜನರಿರುವ, ಅಮೆರಿಕದ ಅತಿದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದಾದ ಉನಲಾಸ್ಕಾಗೆ ಇರುವುದು ಒಂದೇ ರನ್‌ವೇ, ಅದೂ 1,372 ಮೀಟರ್. ಈ ತಲೆಕೆಳಗಾದ ಚಿತ್ರಕ್ಕೆ ಕಾರಣ ಯುದ್ಧ.

1942ರ ಜೂನ್ 3 ಮತ್ತು 4ರಂದು ಜಪಾನಿನ ವಿಮಾನಗಳು ಡಚ್ ಹಾರ್ಬರಿನ ಮೇಲೆ ಬಾಂಬ್ ಹಾಕಿದವು. ಅದೇ ವಾರ ಪಶ್ಚಿಮದ ತುದಿಯ ಕಿಸ್ಕಾ ಮತ್ತು ಆಟು ದ್ವೀಪಗಳು ಜಪಾನಿನ ವಶವಾದವು. ಅಮೆರಿಕದ ಬಾಂಬರ್‌ಗಳಿಗೆ ಕಿಸ್ಕಾಗೆ ಹತ್ತಿರದ ನೆಲೆ ಬೇಕಾಯಿತು. ಆಗಸ್ಟ್ 30ರಂದು ಸೈನ್ಯ ಏಡಾಕ್‌ನಲ್ಲಿ ಇಳಿಯಿತು, ಸಮುದ್ರದ ನೀರು ನುಗ್ಗುತ್ತಿದ್ದ ತಗ್ಗಿಗೆ ಒಡ್ಡು ಕಟ್ಟಿ ನೀರು ಹೊರಹಾಕಿ ರನ್‌ವೇ ಮಾಡಿತು, ಸೆಪ್ಟೆಂಬರ್ 14ಕ್ಕೆ ಅಲ್ಲಿಂದ ಹೊರಟ ವಿಮಾನಗಳು ಕಿಸ್ಕಾ ಮೇಲೆ ದಾಳಿ ಮಾಡಿದವು. ಶೀತಲ ಸಮರದ ಕಾಲದಲ್ಲಿ ಏಡಾಕ್ ದೊಡ್ಡ ನೌಕಾನೆಲೆಯಾಗಿ ಬೆಳೆದು, ಕೆಲವು ಸಾವಿರ ಜನರ ಊರೇ ಆಯಿತು. 1997ರ ಮಾರ್ಚ್ 31ರಂದು ನೆಲೆ ಮುಚ್ಚಿತು. ಜನ ಹೋದರು, ರನ್‌ವೇ ಉಳಿಯಿತು.

ಉನಲಾಸ್ಕಾದ ರನ್‌ವೇ ಆಮಕ್‌ನಾಕ್ ದ್ವೀಪದಲ್ಲಿ, ಬ್ಯಾಲಿಹೂ ಗುಡ್ಡದ ಬುಡಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕ ಪಟ್ಟಿಯ ಮೇಲಿದೆ. ಎರಡೂ ತುದಿಯಲ್ಲಿ ನೀರು. ತುದಿಗೆ ತಾಗಿದಂತೆ ಹೋಗುವ ರಸ್ತೆಯನ್ನು ವಿಮಾನ ಇಳಿಯುವಾಗ ಮುಚ್ಚಬೇಕಾಗುತ್ತದೆ. ಗುಡ್ಡದಿಂದ ಇದ್ದಕ್ಕಿದ್ದಂತೆ ಕೆಳಗೆ ನುಗ್ಗುವ ಗಾಳಿಗೆ ಅಲ್ಲಿನವರು ವಿಲಿವಾ ಎನ್ನುತ್ತಾರೆ. ಉಪಕರಣಗಳನ್ನು ನಂಬಿ ಒಂದು ಎತ್ತರದವರೆಗೆ ಇಳಿದು ಬರಬಹುದು, ಅಲ್ಲಿಂದ ಮುಂದೆ ಪೈಲಟ್‌ನ ಕಣ್ಣಿಗೆ ರನ್‌ವೇ ಕಾಣಲೇಬೇಕು. ಕಾಣಲಿಲ್ಲವೋ, ವಾಪಸ್. ಉನಲಾಸ್ಕಾಗೆ ಹೊರಟವರು ಒಂದೆರಡು ದಿನ ಹೆಚ್ಚುವರಿ ಇಟ್ಟುಕೊಂಡೇ ಹೊರಡುವುದು ಅದಕ್ಕೆ.

ಈ ರನ್‌ವೇ ಎಷ್ಟು ನಿಷ್ಠುರ ಎಂಬುದಕ್ಕೆ 2019ರ ಅಕ್ಟೋಬರ್ 17ರ ಅಪಘಾತ ಸಾಕ್ಷಿ. ಆಂಕರೇಜ್‌ನಿಂದ ಬಂದ ಸಾಬ್ 2000 ವಿಮಾನ ರನ್‌ವೇಯ ಕೊನೆಯಲ್ಲಿ ನಿಲ್ಲದೆ ಮುಂದಕ್ಕೆ ಹೋಗಿ ನೀರಿನಂಚಿನ ಬಂಡೆಗಳ ಮೇಲೆ ನಿಂತಿತು. ಒಬ್ಬ ಪ್ರಯಾಣಿಕ ಸತ್ತ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಮುಖ್ಯ ಚಕ್ರಗಳ ವೇಗ ಅಳೆಯುವ ತಂತಿಗಳನ್ನು ರಿಪೇರಿಯ ವೇಳೆ ಅದಲುಬದಲಾಗಿ ಜೋಡಿಸಿದ್ದು ಗೊತ್ತಾಯಿತು. ಅದರಿಂದ ಬ್ರೇಕ್ ವ್ಯವಸ್ಥೆ ದಾರಿತಪ್ಪಿತ್ತು. ಜತೆಗೆ ಮಿತಿ ಮೀರಿದ ಹಿಂಬದಿ ಗಾಳಿಯಿದ್ದರೂ ಅದೇ ದಿಕ್ಕಿನಲ್ಲಿ ಇಳಿದದ್ದು, ಈ ರನ್‌ವೇಯ ಕೊನೆಯಲ್ಲಿ ಆ ಮಾದರಿಯ ವಿಮಾನಕ್ಕೆ ಬೇಕಾದಷ್ಟು ಸುರಕ್ಷತಾ ಜಾಗ ಇಲ್ಲದಿದ್ದದ್ದು, ಇವನ್ನೂ ತನಿಖೆ ಎತ್ತಿ ಹೇಳಿತು. ಉದ್ದದ ರನ್‌ವೇಯಲ್ಲಿ ಗಾಬರಿಯಲ್ಲಿ ಮುಗಿಯಬಹುದಾಗಿದ್ದ ತಪ್ಪಿಗೆ ಇಲ್ಲಿ ಒಂದು ಜೀವ ಹೋಯಿತು.

ಹಾಗಾಗಿ ಏಡಾಕ್‌ಗೆ ಬರುವ 737 ಹಾಗೇ ಉನಲಾಸ್ಕಾದಲ್ಲಿ ಇಳಿದು ಹೋಗಲಿ ಎಂದು ಹೇಳುವುದು ಸುಲಭ, ಮಾಡುವುದಲ್ಲ. ಹಿಂದೆ ಹಳೆಯ, ಚಿಕ್ಕ 737-200 ಮಾದರಿಗಳು ಉನಲಾಸ್ಕಾದಲ್ಲಿ ಇಳಿಯುತ್ತಿದ್ದದ್ದು ನಿಜ. ಈಗಿನ ದೊಡ್ಡ ಮಾದರಿಗಳಿಗೆ ಆ ಪಟ್ಟಿ ಸಾಲದು. ಜೆಟ್ ವೇಗ ಹಿಡಿದು 1 ಗಂಟೆ 24 ನಿಮಿಷ ಎಂದು ಹೇಳುವ ತಾಣ, ಒಂದು ತುದಿಯಲ್ಲಿ ಇಳಿಯಲಾಗದ ವಿಮಾನವನ್ನು ಲೆಕ್ಕದಲ್ಲಿ ಹಾರಿಸುತ್ತಿದೆ.

ನೇರವಾಗಿ ಹಾರಿದರೂ

ಸರಿ, ಒಂದು ಚಾರ್ಟರ್ ವಿಮಾನ, ಅಂದರೆ ಪೂರ್ತಿ ಬಾಡಿಗೆಗೆ ಹಿಡಿದದ್ದು, ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಎರಡೂ ಕಡೆ ಇಳಿಯಬಲ್ಲ, ಗಂಟೆಗೆ 500 ಕಿಲೋಮೀಟರ್ ಹೋಗುವ ಟರ್ಬೊಪ್ರಾಪ್, ಅಂದರೆ ಪ್ರೊಪೆಲರ್ ಇರುವ ವಿಮಾನ. ಗಾಳಿಯೇ ಇಲ್ಲದ ದಿನ 713 ಕಿಲೋಮೀಟರಿಗೆ 86 ನಿಮಿಷ. ಆದರೆ ಅಲ್ಯೂಷಿಯನ್‌ನಲ್ಲಿ ಗಾಳಿ ಇಲ್ಲದ ದಿನ ಎಂಬುದು ಅಪರೂಪ. ಚಳಿಗಾಲವಿಡೀ ಈ ದ್ವೀಪಗಳ ಮೇಲೆ ಕೂರುವ ವಾಯುಭಾರ ಕುಸಿತಕ್ಕೆ ಅಲ್ಯೂಷಿಯನ್ ಲೋ ಎಂದೇ ಹೆಸರು. ಉತ್ತರ ಶಾಂತ ಸಾಗರದ ಬಿರುಗಾಳಿಗಳು ಸಾಲಾಗಿ ಇಲ್ಲಿಂದಲೇ ಹಾದುಹೋಗುತ್ತವೆ. ಮೇಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ.

ಗಂಟೆಗೆ 80 ಕಿಲೋಮೀಟರಿನ ಪಶ್ಚಿಮದ ಗಾಳಿ ಎಂದುಕೊಂಡು ಲೆಕ್ಕ ಹಾಕೋಣ. ಏಡಾಕ್‌ನಿಂದ ಪೂರ್ವಕ್ಕೆ ಹೋಗುವಾಗ ಗಾಳಿ ಹಿಂದಿನಿಂದ ತಳ್ಳುತ್ತದೆ, ನೆಲದ ಮೇಲಿನ ವೇಗ 580, ಅವಧಿ 74 ನಿಮಿಷ. ಮರಳುವಾಗ ಅದೇ ಗಾಳಿ ಎದುರಾಗಿ ವೇಗ 420ಕ್ಕೆ ಇಳಿಯುತ್ತದೆ, ಅವಧಿ 102 ನಿಮಿಷ. ಹೋಗುವಾಗ ಉಳಿದದ್ದು 12 ನಿಮಿಷ, ಬರುವಾಗ ಕಳೆದದ್ದು 16. ಹೋಗಿಬರುವ ದಾರಿಯಲ್ಲಿ ಗಾಳಿ ಸರಿತೂಗುವುದಿಲ್ಲ, ಕೊಟ್ಟದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳುತ್ತದೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುವುದೇ ಕಾರಣ. ಎರಡೂ ದಿಕ್ಕಿಗೆ ಒಂದೇ ಅವಧಿ ತೋರಿಸುವ ಲೆಕ್ಕ ಈ ದ್ವೀಪಗಳಲ್ಲಿ ಯಾವ ದಿಕ್ಕಿಗೂ ನಿಜವಾಗುವುದು ಅಪರೂಪ.

ಇದರ ಮೇಲೆ ಗಡಿಯಾರ ಬೇರೆ. 169.5 ಡಿಗ್ರಿ ಪಶ್ಚಿಮ ರೇಖಾಂಶದ ಆಚೆಗಿರುವ ದ್ವೀಪಗಳು ಹವಾಯಿ-ಅಲ್ಯೂಷಿಯನ್ ಸಮಯ ಪಾಲಿಸುತ್ತವೆ, ಈಚಿನವು ಅಲಾಸ್ಕಾ ಸಮಯ. ಏಡಾಕ್ ಗಡಿಯಾರ ಉನಲಾಸ್ಕಾಗಿಂತ ಒಂದು ಗಂಟೆ ಹಿಂದೆ. ಏಡಾಕ್‌ನಿಂದ ಬೆಳಿಗ್ಗೆ 10ಕ್ಕೆ ಹೊರಟು 74 ನಿಮಿಷ ಹಾರಿದವನು ಉನಲಾಸ್ಕಾದಲ್ಲಿ ಇಳಿದಾಗ ಅಲ್ಲಿ 12 ಗಂಟೆ 14 ನಿಮಿಷ. ಉನಲಾಸ್ಕಾದಿಂದ 10ಕ್ಕೆ ಹೊರಟು 102 ನಿಮಿಷ ಹಾರಿದವನು ಏಡಾಕ್‌ನಲ್ಲಿ ಇಳಿದಾಗ 10 ಗಂಟೆ 42 ನಿಮಿಷ. ಟಿಕೆಟಿನ ಮೇಲಿನ ಗಂಟೆಗಳನ್ನು ಹಾಗೇ ಕಳೆದು ಅವಧಿ ಕಂಡುಕೊಳ್ಳುವವರಿಗೆ ನಿಧಾನದ ಹಾರಾಟವೇ ಬಹಳ ಬೇಗದ್ದಾಗಿ ಕಾಣುತ್ತದೆ.

ಇಂಧನದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ದೂರದ ಮೂಲೆಗಳಲ್ಲಿ ಕೊನೆಯ ಮಾತು ಇದರದೇ. ಅಮೆರಿಕದ ನಿಗದಿತ ವಿಮಾನಗಳ ನಿಯಮದ ಪ್ರಕಾರ, ತಲುಪಬೇಕಾದ ಊರಿನ ಹವೆ ಖಾತ್ರಿಯಿಲ್ಲದಿದ್ದರೆ ಅಲ್ಲಿಯವರೆಗೆ ಸಾಲುವಷ್ಟು ಇಂಧನ ಮಾತ್ರ ತುಂಬಿಕೊಂಡು ಹೊರಡುವಂತಿಲ್ಲ. ಅಲ್ಲಿಂದ ಪರ್ಯಾಯ ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು, ಅದಾದ ಮೇಲೂ 45 ನಿಮಿಷ ಹಾರುವಷ್ಟು ಇರಬೇಕು. ಚಾರ್ಟರ್ ವಿಮಾನದ ನಿಯಮದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರಬಹುದು, ತತ್ವ ಇದೇ. ಉನಲಾಸ್ಕಾಗೆ ಹತ್ತಿರದ ಭರವಸೆಯ ಪರ್ಯಾಯ ಕೋಲ್ಡ್ ಬೇ. ಅದೂ ಯುದ್ಧಕಾಲದ ನೆಲೆಯೇ, ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ, ಉನಲಾಸ್ಕಾದಿಂದ 286 ಕಿಲೋಮೀಟರ್ ಈಶಾನ್ಯಕ್ಕೆ. ಗಂಟೆಗೆ 500ರ ವೇಗದಲ್ಲಿ 45 ನಿಮಿಷ ಎಂದರೆ 375 ಕಿಲೋಮೀಟರ್. 713, 286, 375, ಮೂರೂ ಸೇರಿದರೆ 1,374. ಟ್ಯಾಂಕಿನ ಪಾಲಿಗೆ ಈ ಊರುಗಳ ನಡುವಿನ ದೂರ 713 ಅಲ್ಲ, ಸುಮಾರು ಅದರ ಎರಡರಷ್ಟು. ತಿರುಗಿ ಏಡಾಕ್ ಕಡೆ ಹೋಗುವಾಗ ಪರಿಸ್ಥಿತಿ ಇನ್ನೂ ಬಿಗಿ. ಏಡಾಕ್ ಮಂಜಿನಲ್ಲಿ ಮುಚ್ಚಿಕೊಂಡಿದ್ದರೆ ಪಶ್ಚಿಮದಲ್ಲಿ ಶೆಮ್ಯಾ ದ್ವೀಪದ ಸೇನಾ ನಿಲ್ದಾಣ 635 ಕಿಲೋಮೀಟರ್ ಆಚೆ. ಪೂರ್ವಕ್ಕೆ ಅಟ್ಕಾ 171 ಕಿಲೋಮೀಟರಿನಲ್ಲಿದೆ, ಆದರೆ ಅಲ್ಲಿನ ರನ್‌ವೇ ಚಿಕ್ಕದು. ಒಂದೇ ಮಂಜು ಎರಡೂ ದ್ವೀಪಗಳನ್ನು ಒಟ್ಟಿಗೆ ಕವಿಯುವುದೂ ಉಂಟು. ಇಷ್ಟು ಇಂಧನ ಹೊತ್ತರೆ ಸಣ್ಣ ವಿಮಾನದಲ್ಲಿ ಜನಕ್ಕೆ, ಸಾಮಾನಿಗೆ ಉಳಿಯುವ ಭಾರ ಕಡಿಮೆ. ಮೆಕ್ಯಾನಿಕ್‌ನ ಉಪಕರಣದ ಪೆಟ್ಟಿಗೆ ಹತ್ತಲಾಗದೆ ಹೋಗುವುದು ಇಂಥ ಕಾರಣಕ್ಕೆ.

ದಾರಿಯುದ್ದಕ್ಕೂ ಜ್ವಾಲಾಮುಖಿಗಳಿವೆ. ಏಡಾಕ್‌ನಿಂದ 40 ಕಿಲೋಮೀಟರಿನ ಆಸುಪಾಸಿನಲ್ಲಿ ಗ್ರೇಟ್ ಸಿಟ್ಕಿನ್, 2021ರಲ್ಲಿ ಸ್ಫೋಟಿಸಿದ್ದು. ಮುಂದೆ ಕೊರೋವಿನ್, ಕ್ಲೀವ್‌ಲ್ಯಾಂಡ್, 2008ರಲ್ಲಿ ಸಿಡಿದ ಓಕ್‌ಮೋಕ್, ಕೊನೆಗೆ ಉನಲಾಸ್ಕಾ ದ್ವೀಪದ ಮೇಲೇ ಮಕುಶಿನ್. ಬೂದಿ ಮೇಲೆದ್ದ ದಿನ ನೇರ ಗೆರೆ ಎಂಬುದು ಕಾಗದದ ಮೇಲೆ ಮಾತ್ರ, ಎಂಜಿನ್‌ಗೆ ಬೂದಿ ಎಂದರೆ ವಿಷ.

ಚಾರ್ಟರ್‌ನ ಬಾಡಿಗೆಯೂ 713 ಕಿಲೋಮೀಟರಿಗೆ ಅಲ್ಲ. ಏಡಾಕ್‌ನಲ್ಲಿ ವಿಮಾನ ಕಾದು ನಿಂತಿರುವುದಿಲ್ಲ. ಅದು ಉನಲಾಸ್ಕಾದಿಂದ ಖಾಲಿ ಬಂದು ಇವನನ್ನು ಕರೆದುಕೊಂಡು ಹೋಗಬೇಕು. ಅಲ್ಲಿಗೆ 1,426. ಆಂಕರೇಜ್‌ನಿಂದಲೇ ಬರಬೇಕಾದರೆ ಅದು ಬೇರೆಯೇ ಲೆಕ್ಕ.

ಅಟ್ಕಾವರೆಗೆ ಬಂದ ವಿಮಾನ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಅಟ್ಕಾದ್ದು. 2020ರಲ್ಲಿ 53 ಜನರಿದ್ದ ಪುಟ್ಟ ಊರು. ಉನಲಾಸ್ಕಾದಿಂದ ಅಲ್ಲಿಗೆ ಸರ್ಕಾರದ ಸಹಾಯಧನದ ಸಣ್ಣ ವಿಮಾನ ಸೇವೆ ಇದೆ. ದೂರ 545 ಕಿಲೋಮೀಟರ್. ಅಟ್ಕಾದಿಂದ ಏಡಾಕ್‌ಗೆ 171. ಕೂಡಿದರೆ 716. ಅಂದರೆ ಅಟ್ಕಾ ಹೆಚ್ಚುಕಡಿಮೆ ನೇರ ಗೆರೆಯ ಮೇಲೆಯೇ ಇದೆ. ದಾರಿಯ ಮುಕ್ಕಾಲು ಭಾಗಕ್ಕೆ ವಿಮಾನ ಇದೆ, ಕೊನೆಯ ಕಾಲು ಭಾಗಕ್ಕೆ ಇಲ್ಲ. ಆ ಕಾಲು ಭಾಗ ಇಲ್ಲದ್ದಕ್ಕೆ ಮನುಷ್ಯ 3,183 ಕಿಲೋಮೀಟರ್ ಸುತ್ತಬೇಕು.

ಕಾರಣ ಸಹಾಯಧನದ ಸ್ವರೂಪದಲ್ಲಿದೆ. 1978ರಲ್ಲಿ ಅಮೆರಿಕ ವಿಮಾನ ಸಂಚಾರದ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದಾಗ, ಲಾಭವಿಲ್ಲದ ಸಣ್ಣ ಊರುಗಳಿಗೆ ವಿಮಾನ ನಿಂತುಹೋಗಬಾರದು ಎಂದು ಎಸೆನ್ಶಿಯಲ್ ಏರ್ ಸರ್ವಿಸ್ ಎಂಬ ಏರ್ಪಾಡು ಮಾಡಿತು. ಒಳ್ಳೆಯ ಏರ್ಪಾಡು. ಅದಿಲ್ಲದಿದ್ದರೆ ಏಡಾಕ್‌ಗೆ ಇವತ್ತು ವಿಮಾನವೇ ಇರುತ್ತಿರಲಿಲ್ಲ. ಆದರೆ ಅದು ನೋಡುವುದು ಪ್ರತಿ ಸಣ್ಣ ಊರನ್ನೂ ಒಂದು ದೊಡ್ಡ ಊರಿಗೆ ಜೋಡಿಸುವುದನ್ನು ಮಾತ್ರ. ಏಡಾಕ್‌ಗೆ ಆಂಕರೇಜ್, ಅಟ್ಕಾಗೆ ಉನಲಾಸ್ಕಾ. ಸಣ್ಣ ಊರಿನಿಂದ ಪಕ್ಕದ ಸಣ್ಣ ಊರಿಗೆ ಎಂಬ ಪ್ರಶ್ನೆ ಅದರಲ್ಲಿ ಏಳುವುದೇ ಇಲ್ಲ. ಹಿಂದೆ ರೀವ್ ಅಲ್ಯೂಷಿಯನ್ ಏರ್‌ವೇಸ್ ಎಂಬ ಸಂಸ್ಥೆ ಅರ್ಧ ಶತಮಾನ ಈ ದ್ವೀಪಸಾಲನ್ನೇ ತನ್ನ ಮಾರ್ಗವನ್ನಾಗಿ ಮಾಡಿಕೊಂಡಿತ್ತು. 2000ದ ಡಿಸೆಂಬರ್‌ನಲ್ಲಿ ಅದು ಹಾರಾಟ ನಿಲ್ಲಿಸಿತು.

ಬೇಡಿಕೆಯೇ ಇಲ್ಲ ಎನ್ನುವ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಉನಲಾಸ್ಕಾದಲ್ಲೂ ದೊಡ್ಡ ಆಸ್ಪತ್ರೆ ಇಲ್ಲ, ಇರುವುದು ಕ್ಲಿನಿಕ್. ಗಂಭೀರ ರೋಗಿಗಳನ್ನು ಎರಡೂ ಊರಿನಿಂದ ಆಂಕರೇಜ್‌ಗೇ ಒಯ್ಯುತ್ತಾರೆ. ಆದರೆ ಈ ದ್ವೀಪಗಳು ಉನಂಗನ್ ಜನರ ನೆಲ. ವಿಮಾನ ಬರುವ ಎಷ್ಟೋ ಸಾವಿರ ವರ್ಷ ಮೊದಲೇ ಅವರು ಚರ್ಮದ ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿಬರುತ್ತಿದ್ದರು. ಒಂದೇ ಭಾಷೆ, ಒಂದೇ ಬಳಗದ ಜನ ಮದುವೆಗೋ ಮಣ್ಣಿಗೋ ಪಕ್ಕದ ದ್ವೀಪಕ್ಕೆ ಹೋಗಲು ಖಂಡದ ಒಳನಾಡಿಗೆ ಹೋಗಿ ಮರಳಬೇಕು ಎಂಬುದನ್ನು ಬೇಡಿಕೆಯ ಅಂಕಿಯಿಂದ ಅಳೆಯುವುದು ನನಗೆ ಸರಿಕಾಣುವುದಿಲ್ಲ. ವಿಮಾನವೇ ಇಲ್ಲದ ಮಾರ್ಗದಲ್ಲಿ ಪ್ರಯಾಣಿಕರ ಸಂಖ್ಯೆ ಸೊನ್ನೆಯೇ ಇರುತ್ತದೆ.

ಲೆಕ್ಕದ ತಾಣಗಳಿಂದ ನಾನು ಬಯಸುವುದು ಸಣ್ಣ ವಿಷಯ. ದೂರ 713 ಎಂದು ಕೊಡಲಿ, ಅದು ಸತ್ಯ. "ಹಾರಾಟದ ಅವಧಿ" ಎಂಬ ಜಾಗದಲ್ಲಿ, ನೇರ ಹಾರಾಟ ಇಲ್ಲದಿದ್ದರೆ ಇಲ್ಲ ಎಂದೇ ಬರೆಯಲಿ. ಯಾವ ಊರಿನ ಮೂಲಕ ಹೋಗಬೇಕು, ವಾರಕ್ಕೆ ಎಷ್ಟು ವಿಮಾನ ಎಂದು ಸೇರಿಸಲಿ. ವಾರಕ್ಕೆ ಎರಡು ಎಂಬ ಒಂದು ಮಾತು ಮೆಕ್ಯಾನಿಕ್‌ಗೆ ನಿಮಿಷಗಳ ಯಾವ ಅಂದಾಜಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಅಟ್ಕಾದ ವಿಮಾನವನ್ನು ಆಗಾಗ ಏಡಾಕ್‌ವರೆಗೆ ಮುಂದುವರಿಸುವುದು. ಗಂಟೆಗೆ 450 ಕಿಲೋಮೀಟರ್ ಹೋಗುವ ವಿಮಾನಕ್ಕೂ ಅದು 23 ನಿಮಿಷದ ದಾರಿ. ಏಡಾಕ್ ಕಡೆ ರನ್‌ವೇ ಧಾರಾಳವಾಗಿದೆ, ಉಪಕರಣಗಳ ನೆರವಿನಿಂದ ಇಳಿಯುವ ವ್ಯವಸ್ಥೆಯೂ ಇದೆ. ಇಂಧನ ಅಲ್ಲೇ ತುಂಬಿಕೊಳ್ಳುವಂತಾದರೆ ಮರಳುವಾಗಿನ ಭಾರದ ತೊಡಕೂ ಸಡಿಲವಾಗುತ್ತದೆ. ಎರಡು ಊರುಗಳ ಸಹಾಯಧನದ ಒಪ್ಪಂದಗಳು ಬೇರೆಬೇರೆ ಇರುವುದರಿಂದ, ಮೊದಲು ಅವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವವರು ಬೇಕು.